ಬಲಗಡೆಗೆ ಮೂರು ಫೆಂಡರ್

ನನ್ನ 1969ರ ಎಂಜಿಬಿ ರೋಡ್‌ಸ್ಟರಿಗೆ, ಅಂದರೆ ಗಟ್ಟಿ ಛಾವಣಿಯಿಲ್ಲದ ಹಳೆಯ ಬ್ರಿಟಿಷ್ ಕಾರಿಗೆ, ಬಲಗಡೆಯ ಮುಂದಿನ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಮೂರು ಬಗೆಯದು ಹಾಕಿ ನೋಡಿದ್ದೇನೆ. ಖರ್ಚಿನ ಮಾತು ಮನೆಯಲ್ಲಿ ಎತ್ತುವ ಹಾಗಿಲ್ಲ.

ಈ ಗಾಡಿಯ ಕಾಯಿಲೆ ಹಳೆಯದೇ. ಫೆಂಡರಿನ ಒಳಗೆ, ಬಾಗಿಲಿನ ಮುಂದಿನ ಮೂಲೆಯಲ್ಲಿ ಕೆಸರು ಕೂತು ಒಣಗುವುದೇ ಇಲ್ಲ. ಪುಣೆಯ ಕೆಲವು ಮಳೆಗಾಲ ಸಾಕು, ತಗಡು ಹಪ್ಪಳ. ಹಿಂದಿನ ಫೆಂಡರ್ ವೆಲ್ಡಿನದು, ಮುಂದಿನದು ಬೋಲ್ಟಿನದು. ಸುಲಭ ಅಂತ ನಾನೂ ಅಂದುಕೊಂಡಿದ್ದೆ.

ಮೊದಲು ಫೈಬರ್. ಭೋಸರಿಯ ಒಂದು ಶೆಡ್ಡಿನಲ್ಲಿ ಅಚ್ಚು ತೆಗೆದು ಮಾಡಿಸಿದ್ದು. ಅಗ್ಗ, ಹಗುರ, ತುಕ್ಕಿನ ಭಯವಿಲ್ಲ. ಆದರೆ ಅಂಚು ದಪ್ಪ, ಬಾನೆಟ್ ಉಜ್ಜುತ್ತಿತ್ತು. ಬೋಲ್ಟ್ ಸ್ವಲ್ಪ ಬಿಗಿದರೆ ಸಾಕು, ಬಿರುಕು. ಅಗಲದ ವಾಷರ್ ಹಾಕಬೇಕು. ಹಿಂದೆ ಯಾರೋ ಇಂಡಿಕೇಟರಿನ ಅರ್ಥ್ ವೈರ್ ಫೆಂಡರಿಗೇ ಕೊಟ್ಟಿದ್ದರು, ಫೈಬರಿನಲ್ಲಿ ಕರೆಂಟ್ ಹರಿಯದು, ಅದೂ ಹೋಯಿತು. ಪೇಂಟ್ ಆದ ಮೇಲೆ ಬಿಸಿಲಲ್ಲಿ ಓರೆಯಾಗಿ ನೋಡಿದರೆ ಮೈಯೆಲ್ಲ ಅಲೆ ಅಲೆ. ತೆಗೆಸಿದೆ.

ಎರಡನೆಯದು ಹೊರಗಿನಿಂದ ತರಿಸಿದ ಅಗ್ಗದ ನಕಲು ತಗಡು, ಎಡ-ಬಲ ಜೋಡಿ. ಕಪ್ಪು ಪ್ರೈಮರ್ ಕೆರೆದರೆ ಅಲ್ಲಲ್ಲಿ ಆಗಲೇ ತುಕ್ಕು. ತೂತುಗಳು ಕೂಡಲಿಲ್ಲ. ಬದಿಯ ಕ್ರೋಮ್ ಪಟ್ಟಿಯ ಗೆರೆ ಬಾಗಿಲಿಗಿಂತ ಮೇಲೆ ನಿಂತಿತು. ಕೆಳಗಿನ ಗ್ಯಾಪಿನಲ್ಲಿ ಬೆರಳು ತೂರುತ್ತಿತ್ತು. ಮೂರು ಭಾನುವಾರ ಹೋದವು. ಮಾಡಿದವರನ್ನು ಬಾಯ್ತುಂಬ ಬೈದೆ.

ಆಮೇಲೆ ಬ್ರಿಟಿಷ್ ಮೋಟರ್ ಹೆರಿಟೇಜ್‌ನದು. ಎಂಜಿಬಿ ತಯಾರಿಕೆ 1980ರಲ್ಲಿ ನಿಂತಿತು. 1988ರಲ್ಲಿ ಇವರು ಹಳೆಯ ಡೈಗಳಲ್ಲೇ (ತಗಡು ಒತ್ತುವ ಅಚ್ಚು) ಅದರ ಇಡೀ ಬಾಡಿಯನ್ನು ಮತ್ತೆ ಒತ್ತಿಸತೊಡಗಿದರು. ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಕೇಳಿ ತಲೆ ತಿರುಗಿತ್ತು. ಗೆರೆ ಬಾಗಿಲಿಗೆ ಸರಿಯಾಗಿ ಕೂತಿತು, ಮೇಲಿನ ತೂತುಗಳೂ ಸೇರಿದವು. ಕೆಳಗೆ ನೋಡಿದರೆ ಅದೇ ಬೆರಳಗಲದ ಗ್ಯಾಪು!

ನಮ್ಮ ಟಿಂಕರಿಂಗ್ ಮಿಸ್ತ್ರಿ ವಿಜಯಪುರದ ಇಂಡಿ ಕಡೆಯವರು. ಬಾಗಿಲು ಎರಡು ಸಲ ತೆಗೆದು ಹಾಕಿ, ಬಗ್ಗಿ ನೋಡಿ ಅಂದರು: "ಸರ, ತಪ್ಪು ಫೆಂಡರಂದಲ್ರಿ, ಸಿಲ್ಲಿಂದು."

ನಿಜ. ಈ ಗಾಡಿಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್ಲೇ ಬೆನ್ನೆಲುಬು, ಮೇಲೆ ಗಟ್ಟಿ ಛಾವಣಿಯೂ ಇಲ್ಲ. ಹಳೆಯ ಮಾಲೀಕರು ಅದನ್ನು ಸೊಟ್ಟಗೆ ವೆಲ್ಡ್ ಮಾಡಿಸಿದ್ದರು. ಬಾಗಿಲಿನ ಚೌಕಕ್ಕೆ ಅಡ್ಡ ಪೈಪು ಹಾಕಿ, ಸಿಲ್ ಕತ್ತರಿಸಿ ಮತ್ತೆ ಕೂಡಿಸಿದೆವು. ಪೈಪು ಮರೆತರೆ ಗಾಡಿ ನಡುವೆ ಬಾಗುತ್ತದೆ, ಆಮೇಲೆ ಬಾಗಿಲೇ ಹಾಕಲಾಗದು. ನಂತರ ಬಾಗಿಲನ್ನು ಹಿಂದಿನ ಫೆಂಡರಿಗೆ ಹೊಂದಿಸಿ, ಕೊನೆಗೆ ಮುಂದಿನದು. ನಾನು ಮಾಡಿದ್ದು ಪೂರಾ ಉಲ್ಟಾ.

ಹೊಟ್ಟೆಯಲ್ಲಿ ಒಂದು ಅನುಮಾನ ಉಳಿದಿತ್ತು. ನಕಲನ್ನೂ ಮತ್ತೆ ಹಾಕಿ ನೋಡಿದೆ. ಕೆಳಗೆ ಚೆನ್ನಾಗಿಯೇ ಕೂತಿತು! ಅರ್ಧ ಬೈಗುಳ ವಾಪಸ್ ತಗೊಂಡೆ. ಕ್ರೋಮ್ ಗೆರೆ ಮಾತ್ರ ಆಗಲೂ ಮೂರ್ನಾಲ್ಕು ಮಿಲಿಮೀಟರ್ ಮೇಲೆಯೇ. ಅದನ್ನು ಸುತ್ತಿಗೆಯಿಂದ ಇಳಿಸಲು ಆಗದು, ಪುಟ್ಟಿ ಮೆತ್ತಿದರೂ ಕಾಣುತ್ತದೆ.

ಬಲಗಡೆ ಹೆರಿಟೇಜ್‌ನದೇ ಉಳಿಯಿತು. ಎಡಗಡೆಯ ಹಳೆ ಫೆಂಡರ್ ಮೇಲೆಲ್ಲ ಗಟ್ಟಿಯಿತ್ತು, ಕೆಳಗಷ್ಟೇ ಕೊಳೆತಿತ್ತು. ಮಿಸ್ತ್ರಿ ಜೋಡಿಯ ಎಡಗಡೆಯ ನಕಲಿನಿಂದ ಕೆಳಗಿನ ಗೇಣುದ್ದದ ತುಂಡು ಕತ್ತರಿಸಿದರು. ತಗಡು ಬಿಸಿಗೆ ಸೊಟ್ಟಾಗದಂತೆ ಚುಕ್ಕೆ ಚುಕ್ಕೆ ವೆಲ್ಡ್ ಇಟ್ಟು, ನಡುನಡುವೆ ಆರಲು ಬಿಟ್ಟು, ಹಳೆಯದಕ್ಕೇ ಸೇರಿಸಿದರು. ಎಲ್ಲಕ್ಕಿಂತ ಕಡಿಮೆ ದುಡ್ಡು ಹೋಗಿದ್ದು ಅಲ್ಲೇ.