ಬೀದಿ ವ್ಯಾಪಾರಿಗಳ ಪ್ರಮಾಣಪತ್ರ: ಚೀಟಿ ಸಿಕ್ಕಿತು, ಜಾಗ ಸ್ಪಷ್ಟವಾಗಲಿಲ್ಲ

ಬೀದಿ ಬದಿಯಲ್ಲಿ ವ್ಯಾಪಾರ ಮಾಡುವವರಿಗೆ ನಗರ ಸ್ಥಳೀಯ ಸಂಸ್ಥೆಗಳು ನೀಡುವ ಮಾರಾಟ ಪ್ರಮಾಣಪತ್ರವನ್ನೂ ಅದರೊಂದಿಗಿನ ಗುರುತಿನ ಚೀಟಿಯನ್ನೂ ಒಂದು ಸೇವೆಯೆಂದೇ ಪರಿಗಣಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನಮ್ಮ ಬಡಾವಣೆಯಲ್ಲಿ ಹೂವು ಮಾರುವ ಮಹಿಳೆಯೊಬ್ಬರ ಕಾಗದಪತ್ರಗಳನ್ನು ನೋಡಿಕೊಟ್ಟಿದ್ದರಿಂದ ಅರ್ಜಿಯಿಂದ ಚೀಟಿ ಕೈಸೇರುವವರೆಗಿನ ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಊರಿನ ಹೆಸರು ಇಲ್ಲಿ ಅನಗತ್ಯ.

ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಅವರ ಹೆಸರು ಮೊದಲೇ ಇದ್ದುದರಿಂದ ಅರ್ಜಿಯ ಹಂತ ಸರಾಗವಾಗಿ ಮುಗಿಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಅರ್ಜಿದಾರರು ಒಂದು ಮುಚ್ಚಳಿಕೆ ಬರೆದುಕೊಡಬೇಕು: ವ್ಯಾಪಾರವನ್ನು ತಾವೇ ಅಥವಾ ಮನೆಯವರ ಮೂಲಕ ನಡೆಸುವುದಾಗಿ, ತಮಗೆ ಬೇರೆ ಜೀವನೋಪಾಯವಿಲ್ಲವೆಂದು, ಪ್ರಮಾಣಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆಗೆ ಕೊಡುವುದಿಲ್ಲವೆಂದು. ಆಯಕಟ್ಟಿನ ಜಾಗಗಳನ್ನು ಹಿಡಿದಿಟ್ಟುಕೊಂಡು ಅಲ್ಲಿ ಕೂಲಿಯವರನ್ನು ಕೂರಿಸುವ ಪುಢಾರಿಗಳಿಗೆ ಕೊನೆಯ ಷರತ್ತು, ಕಾಗದದ ಮೇಲಾದರೂ, ಕಡಿವಾಣ ಹಾಕುತ್ತದೆ.

ಸೇವೆಯ ದೊಡ್ಡ ಕೊರತೆ ಇರುವುದು ಪ್ರಮಾಣಪತ್ರದ ಸ್ಥಳದ ಕಾಲಂನಲ್ಲಿ. ನಾನು ನೋಡಿದ ಪ್ರತಿಯಲ್ಲಿ ಅಲ್ಲಿ ಬರೆದಿದ್ದುದು 'ಮಾರುಕಟ್ಟೆ ರಸ್ತೆ' ಎಂಬ ಎರಡೇ ಪದ. ಆ ರಸ್ತೆಯೋ ಬಸ್ ನಿಲ್ದಾಣದಿಂದ ದೇವಸ್ಥಾನದವರೆಗೂ ಚಾಚಿಕೊಂಡಿದೆ. ಯಾವ ಬದಿ, ಯಾವ ಗುರುತಿನ ಬಳಿ, ಎಷ್ಟು ಅಗಲದ ಜಾಗ ಎಂಬ ಒಂದು ವಿವರವೂ ಇಲ್ಲ. ಇದರ ಫಲವಾಗಿ ತೆರವು ಕಾರ್ಯಾಚರಣೆಯ ಗಾಡಿ ಬಂದಾಗ, ಚೀಟಿ ತೋರಿಸಿದರೂ, "ಇದು ಆ ಕಡೆಗೆ ಅಮ್ಮಾ, ಈ ಕಡೆಗಲ್ಲ" ಎಂಬ ಮಾತಿಗೆ ಮರುಮಾತಿಲ್ಲದೆ ಹೂವಿನ ಬುಟ್ಟಿಯನ್ನು ಕೊಡಬೇಕಾಯಿತು. ಒಬ್ಬ ವ್ಯಾಪಾರಿಯನ್ನು ಎತ್ತಂಗಡಿ ಮಾಡಲು 30 ದಿನಗಳ ನೋಟಿಸ್ ಅಗತ್ಯವೆಂದು ಕಾಯ್ದೆ ಹೇಳುತ್ತದೆ. ಆದರೆ ಆಕೆಯ ಜಾಗ ಯಾವುದೆಂದೇ ದಾಖಲೆಯಲ್ಲಿ ಸ್ಪಷ್ಟವಾಗಿರದಿದ್ದರೆ ಆ ರಕ್ಷಣೆಯನ್ನು ಕೇಳಿ ಪಡೆಯುವುದಾದರೂ ಹೇಗೆ?

ವಶಪಡಿಸಿಕೊಂಡ ಸರಕಿನ ಬಗೆಗಿನ ನಿಯಮವಂತೂ ಬಹಳ ಉಪಯುಕ್ತ, ಆದರೆ ಅದನ್ನು ಚೀಟಿ ಕೊಡುವಾಗ ಯಾರೂ ತಿಳಿಸಲಿಲ್ಲ. ಸರಕಿನ ಪಟ್ಟಿ ಮಾಡಿ, ಅಧಿಕಾರಿ ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ನಿಗದಿತ ಶುಲ್ಕ ಕಟ್ಟಿ ಕೇಳಿದರೆ ಕೆಡುವ ವಸ್ತುಗಳನ್ನು ಅದೇ ದಿನ, ಉಳಿದವನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಮಲ್ಲಿಗೆಗೆ ಮರುದಿನ ಬೆಲೆಯಿಲ್ಲ ಎಂಬುದನ್ನು ಬಲ್ಲವರೇ ಬರೆದಂತಿದೆ ಈ ಕಲಂ. ನಮಗೆ ಪಟ್ಟಿಯೂ ಸಿಗಲಿಲ್ಲ, ಹೂವೂ ಸಿಗಲಿಲ್ಲ; ಬುಟ್ಟಿಯೊಂದು ಮಾತ್ರ ವಾಪಸ್ ಬಂತು. ಚೀಟಿಯ ಹಿಂಬದಿ ಖಾಲಿಯೇ ಇರುವಾಗ ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಅಲ್ಲಿ ಅಚ್ಚು ಹಾಕಿಸುವುದು ಕಷ್ಟದ ಕೆಲಸವೇನಲ್ಲ.

ಸಾಲದ ವಿಷಯದಲ್ಲಿ ಮಾತ್ರ ದೂರಿಲ್ಲ. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಡಿ ಮೊದಲ ಕಂತಿನ 10,000 ರೂಪಾಯಿ ಇದೇ ಚೀಟಿಯ ಆಧಾರದಲ್ಲಿ ಅವರ ಬ್ಯಾಂಕ್ ಖಾತೆಗೆ ಬಂದಿತ್ತು.

ಹೊಸದಾಗಿ ಅರ್ಜಿ ಹಾಕುವವರು ರಸ್ತೆಯ ಹೆಸರಿನ ಜೊತೆಗೆ ಹತ್ತಿರದ ಅಂಗಡಿಯನ್ನೋ ವಿದ್ಯುತ್ ಕಂಬದ ಸಂಖ್ಯೆಯನ್ನೋ ನಮೂದಿಸುವಂತೆ ಸಹಿ ಹಾಕುವ ಮೊದಲೇ ಪಟ್ಟು ಹಿಡಿಯುವುದು ಒಳ್ಳೆಯದು. ನಾವು ಈಗ ತಿದ್ದುಪಡಿಗೆ ಮನವಿ ಕೊಟ್ಟಿದ್ದೇವೆ. ಅದನ್ನು ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಮುಂದಿಡುವುದಾಗಿ ಕಚೇರಿಯವರು ಹೇಳಿದ್ದಾರೆ. ಆ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳು ಇರಬೇಕಾದ್ದರಿಂದ ಅಲ್ಲಿ ಕಂಬದ ಸಂಖ್ಯೆಯ ಮಹತ್ವವನ್ನು ವಿವರಿಸಿ ಹೇಳಬೇಕಾಗಲಾರದು.