ಸ್ಪೆಕ್ಟ್ರಮ್, ಎಕ್ಸ್‌ಟಿ, ಸೆಲೆರಾನ್: ಮೂರೂ ನಮ್ಮನಿಯೊಳಗ ಇದ್ವು, ನನ್ನ ವೋಟ್ ಎಕ್ಸ್‌ಟಿಗೆ

ನಮ್ಮ ಅಣ್ಣನ ಮಗ ಈಗ ಹಳೇ ಕಂಪ್ಯೂಟರ್ ಹುಚ್ಚಿಗೆ ಬಿದ್ದಾನ. ನೆಟ್‌ನಾಗ ಯಾರೋ ಸೆಕೆಂಡ್ ಹ್ಯಾಂಡ್ ಸ್ಪೆಕ್ಟ್ರಮ್, ಅಂದ್ರ ಟೀವಿಗೆ ಹಚ್ಚೂ ಹಳೇ ಮನಿ ಕಂಪ್ಯೂಟರ್, ಮಾರಾಕ ಇಟ್ಟಾರಂತ, "ಕಾಕಾ, ತಗೊಳ್ಲೇನು" ಅಂತ ಕೇಳ್ದ. ತಗೊಂಡ್ರ ಐಬಿಎಂ ಪಿಸಿ ಜಾತಿಯ ಎಕ್ಸ್‌ಟಿ ತಗೊ, ಇಲ್ಲಂದ್ರ ಸುಮ್ನ ಕುಂದ್ರು ಅಂದೆ. ಅವಂಗ ಸಮಾಧಾನ ಆಗ್ಲಿಲ್ಲ, ಅದಕ್ಕ ಪೂರಾ ಬರೀಲಿಕತ್ತೀನಿ.

ಮದ್ಲ ಬಂದಿದ್ದು ಸ್ಪೆಕ್ಟ್ರಮ್ ಪ್ಲಸ್. ದುಬೈದಾಗಿದ್ದ ಮಾಮಾ ರಜಾಕ್ಕ ಬರೂಮುಂದ ತಂದಿದ್ರು. ಕೀಬೋರ್ಡೇ ಕಂಪ್ಯೂಟರ್, 48 ಕೆ ಮೆಮೊರಿ, ಸ್ವಿಚ್ ಹಾಕಿದ್ರ ಕಣ್ಣ್ ಮುಚ್ಚಿ ತೆಗೆಯೂದ್ರಾಗ ರೆಡಿ. ಜೆ ಕೀ ಒತ್ತಿದ್ರ ಇಡೀ 'ಲೋಡ್' ಅನ್ನೂ ಶಬ್ದನೇ ಬರ್ತಿತ್ತು, ಪಿ ಒತ್ತಿದ್ರ 'ಪ್ರಿಂಟ್'. ಬೇಸಿಕ್ ಅನ್ನೂ ಪ್ರೋಗ್ರಾಂ ಭಾಷಾ ಕಲೀಲಿಕ್ಕ ಅದಕ್ಕಿಂತ ಛಲೋ ಮಷೀನ್ ನಾ ಇನ್ನೂ ನೋಡಿಲ್ಲ, ಇದು ಖರೆ.

ಆದ್ರ ಟೀವಿ.

ಅದಕ್ಕ ಮಾನಿಟರ್ ಇದ್ದಿಲ್ಲ, ಟೀವಿಯ ಆಂಟೆನಾ ತೂತಿಗೆ ವೈರ್ ಹಾಕ್ಬೇಕು, ಚಿತ್ರ ಯುಎಚ್‌ಎಫ್ ಅನ್ನೂ ಮ್ಯಾಲಿನ ಬ್ಯಾಂಡಿನ 36ನೇ ಚಾನೆಲ್‌ನಾಗ ಬರ್ತದ. ನಮ್ಮೂರು ಗುಲಬರ್ಗಾ (ಈಗಿನ ಕಲಬುರಗಿ) ಟೀವಿ ವಿಷಯದಾಗ ಏನ್ ಹಿಂದ ಇದ್ದಿದ್ದಿಲ್ಲ ನೋಡ್ರಿ, 1975-76ರ ಸೈಟ್ ಅನ್ನೂ ಉಪಗ್ರಹ ಟೀವಿ ಪ್ರಯೋಗದಾಗ ಗುಲಬರ್ಗಾ ಜಿಲ್ಲಾದ ಹಳ್ಳಿಗೋಳಿಗೆ ಉಪಗ್ರಹದಿಂದ ಸೀದಾ ಟೀವಿ ಬಂದಿತ್ತು, ಆಮ್ಯಾಲ 1977ರಾಗ ಬೆಂಗಳೂರಿಗಿಂತ ಮದ್ಲೇ ಇಲ್ಲಿ ದೂರದರ್ಶನ ಶುರು ಆತು. ಆದ್ರ ಆ ದೂರದರ್ಶನ ಬರ್ತಿದ್ದು ವಿಎಚ್‌ಎಫ್ ಅನ್ನೂ ಕೆಳಗಿನ ಬ್ಯಾಂಡಿನ್ಯಾಗ. ನಮ್ಮನಿ ಬ್ಲ್ಯಾಕ್ ಅಂಡ್ ವೈಟ್ ಟೀವಿಗೆ ಕಟಕಟ ಅಂತ ತಿರುಗೂ ಚಾನೆಲ್ ನಾಬ್ ಒಂದಿತ್ತು, 12ಕ್ಕ ಮುಗೀತಿತ್ತು. 36 ಎಲ್ಲಿಂದ ತರೂದು?

ಸೂಪರ್ ಮಾರ್ಕೆಟ್ ಕಡೆ ಒಬ್ರು ಟೀವಿ ರಿಪೇರಿ ಮಾಡೂ ಉಸ್ತಾದ್ ಇದ್ರು. ಮಾಮಾ ಹೋಗಿ, ಕಂಪ್ಯೂಟರ್ ಒಳಗಿಂದ ವಿಡಿಯೋ ವೈರ್ ತೆಗೆದು ಸೀದಾ ಟೀವಿ ಬೋರ್ಡಿಗೆ ಬೆಸಿಗಿ ಹಾಕ್ರಿ ಅಂದ್ರು. ಉಸ್ತಾದ್ ಟೀವಿ ಹಿಂದಿನ ಡಬ್ಬಿ ಬಿಚ್ಚಿ, ಟೆಸ್ಟರ್ ಹಚ್ಚಿ ತೋರಿಸಿದ್ರು: "ಸಾಹೇಬ್ರ, ಇದರ ಚಾಸಿಸ್‌ನಾಗೇ, ಒಳಗಿನ ಲೋಹದ ಚೌಕಟ್ಟಿನ್ಯಾಗೇ, ಕರೆಂಟ್ ಅದಾ, ವೈರ್ ಕೂಡ್ಸಿದ್ರ ನಿಮ್ಮ ಮಷೀನ್ ಹೋಗ್ತದ, ಇಲ್ಲಾ ಹುಡುಗ ಹೋಗ್ತಾನ." ಆಗಿನ ಭಾಳ ಟೀವಿಗೋಳು ಹಂಗೇ ಇದ್ವು, ಟ್ರಾನ್ಸ್‌ಫಾರ್ಮರ್ ಉಳಿಸಲಿಕ್ಕ ಮೇನ್ಸ್ ಲೈನನ್ನ ಸೀದಾ ಚಾಸಿಸ್ಸಿಗೆ ಕೊಡ್ತಿದ್ರು. ಅವ್ವ ಅದನ್ನ ಕೇಳಿದ್ದೇ ತಡ, ಮನಿ ಟೀವಿಗೆ ಕಂಪ್ಯೂಟರ್ ಹಚ್ಚೂ ಮಾತು ಬಂದ್ ಆತು.

ಕಡೀಗಿ ಏನಾತಂದ್ರ ಬಾಜೂ ಮನಿ ಹಾಜಿ ಚಾಚಾರ ಕಡೆ ಸೌದಿಯಿಂದ ತಂದ ಕಲರ್ ಟೀವಿ ಇತ್ತು, ಅದ್ರಾಗ ಯುಎಚ್‌ಎಫ್ ಇತ್ತು, ನಾ ಸ್ಪೆಕ್ಟ್ರಮ್ಮು ಟೇಪ್ ರೆಕಾರ್ಡರು ಎರಡೂ ಬಗಲಾಗ ಹಿಡ್ಕೊಂಡು ಅಲ್ಲಿಗೆ ಹೋಗೂದು, ಚಾಚಿ ಚಾ ಕೊಡ್ತಿದ್ರು, ಬ್ಯಾಡ ಅಂತಿದ್ದಿಲ್ಲ, ಆದ್ರ ರಾಮಾಯಣದ ಟೈಮಿಗೆ ಇಡೀ ಓಣಿ ಅವರ ಪಡಸಾಲಿಯೊಳಗ ಕುಂದ್ರತಿತ್ತು, ಪ್ರೋಗ್ರಾಂ ಅರ್ಧ ಟೈಪ್ ಆಗಿದ್ರೂ ವೈರ್ ಕಿತ್ತು ಏಳಬೇಕು. ಮ್ಯಾಲ ಸ್ಪೆಕ್ಟ್ರಮ್ ಬಿಸಿ ಆದಂಗ ಚಿತ್ರ ಸರೀತಿತ್ತು, ಮತ್ತ ಟ್ಯೂನಿಂಗ್ ತಿರುವಬೇಕು. ಒಂದಿಷ್ಟು ಹೊತ್ತು ಆದ್ಮ್ಯಾಲ ಚಾಚಾ ತಾವೇ ಎದ್ದು ತಿರುವ್ತಿದ್ರು, ನನಗ ನಾಚಿಕಿ.

ಸ್ಪೆಕ್ಟ್ರಮ್ಮಿನ ಪ್ರೋಗ್ರಾಂ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನಿಂದ ಲೋಡ್ ಆಗ್ತಿದ್ವು, ಅದರ ಬಗ್ಗೆ ಎಲ್ಲಾರೂ ಬೈತಾರ. ನನಗ ಅದು ಅಷ್ಟು ತ್ರಾಸ್ ಅನ್ನಿಸ್ಲಿಲ್ಲ. ಸಣ್ಣ ಸ್ಕ್ರೂಡ್ರೈವರ್‌ಲೆ ಹೆಡ್ಡಿನ ಸ್ಕ್ರೂ ಸರಿ ಮಾಡಿದ್ರ ಐದು ನಿಮಿಷದಾಗ ಆಟ ಬರ್ತಿತ್ತು.

ಎಕ್ಸ್‌ಟಿ ಬಂದಿದ್ದು ಮುಂದ, ಸಿಕಂದರಾಬಾದಿನ ಒಂದ್ ಆಫೀಸು ಹಳೇದು ತೆಗೆದಾಗ ಅಪ್ಪ ತಗೊಂಡ್ರು. ಕಂಪನಿ ಹೆಸರಿಲ್ಲದ ಕ್ಲೋನ್ ಅಂದ್ರ ಐಬಿಎಂ ನಕಲು, 8088 ಪ್ರೊಸೆಸರ್, 640 ಕೆ, ಹಾರ್ಡ್ ಡಿಸ್ಕ್ ಇಲ್ಲ, 360 ಕೆ ಫ್ಲಾಪಿ ಡ್ರೈವ್ ಎರಡು. ಎ ಡ್ರೈವ್ ಒಳಗ ಮಷೀನ್ ನಡೆಸೂ ಡಾಸ್ ಸಾಫ್ಟ್‌ವೇರ್, ಬಿ ಒಳಗ ನಮ್ಮ ಕೆಲಸ. ಸ್ಕ್ರೀನ್ ಬರೇ ಹಸರು. ಆದ್ರ ಆ ಹಸರು ಸ್ಕ್ರೀನ್ ನಂದು! ರವಿವಾರ ಮುಂಜಾನಿ ಯಾರೂ ಏಳು ಅಂತಿದ್ದಿಲ್ಲ.

ಅಕ್ಷರ ಎಷ್ಟು ಚೂಪು ಅಂದ್ರ, ಅದ್ರಾಗಿನ ಹರ್ಕ್ಯುಲಿಸ್ ಅನ್ನೂ ಒಂದೇ ಬಣ್ಣದ ಸ್ಕ್ರೀನ್ ಕಾರ್ಡು 720ಕ್ಕ 348 ಚುಕ್ಕಿ ಕೊಡ್ತಿತ್ತು, ಸ್ಪೆಕ್ಟ್ರಮ್ಮಿಂದು 256ಕ್ಕ 192. ಒಂದ್ ಸಾಲಿಗೆ 80 ಅಕ್ಷರ, ಅಲ್ಲಿ 32. ನೆಹರೂ ಗಂಜಿನಾಗ ನಮ್ಮದು ತೊಗರಿ ಅಡತ, ಚೀಲ, ತೂಕ, ದರ, ಹಮಾಲಿ, ಕಮಿಷನ್ ಎಲ್ಲಾ ಒಂದೇ ಸಾಲಿನ್ಯಾಗ ಕೂಡ್ತಿತ್ತು. ಡಾಸ್ ಮ್ಯಾಲ ನಡೆಯೂ ಜಿಡಬ್ಲ್ಯೂ ಬೇಸಿಕ್‌ನಾಗ ನಾನೇ ಪಟ್ಟಿ ಮಾಡೂ ಪ್ರೋಗ್ರಾಂ ಬರೆದೆ, ಅಪ್ಪ ಮದ್ಲ ಕೈಯಿಂದ ಕೂಡಿಸಿ ತಾಳ ನೋಡಿದ್ರು, ಆಮ್ಯಾಲ ಮುನೀಮರಿಗೂ ಅದೇ ಪ್ರಿಂಟ್ ಕೊಡಲಿಕ್ಕೆ ಹತ್ತಿದ್ರು. 32 ಅಕ್ಷರದ ಸ್ಕ್ರೀನಿನ್ಯಾಗ ಈ ಕೆಲಸ ಆಗ್ತಿದ್ದಿಲ್ಲ ಬಿಡ್ರಿ.

ಕರೆಂಟ್ ಹೋಗೂದು ಎರಡಕ್ಕೂ ಒಂದೇ. ಆದ್ರ ಎಕ್ಸ್‌ಟಿಯೊಳಗ ಎಫ್4 ಒತ್ತಿ ಹೆಸರು ಕೊಟ್ರ ಫ್ಲಾಪಿ ಕರ್ರ್ ಅಂದು ಸೇವ್, ಮುಗೀತು. ಕ್ಯಾಸೆಟ್ಟಿಗೆ ಸೇವ್ ಮಾಡೂದು ಅಂದ್ರ ಪ್ಲಗ್ ಕೀಳೂದು, ರೆಕಾರ್ಡ್ ಒತ್ತೂದು, ಆಮ್ಯಾಲ ಹಿಂದ ಸುತ್ತಿ ಸರಿ ಆತೇನು ಅಂತ ವೆರಿಫೈ ಮಾಡೂದು, ಅಷ್ಟ್ರಾಗ ಲೈಟ್ ಹೋಗಿರ್ತಿತ್ತು.

ಆಟದಾಗ ಸ್ಪೆಕ್ಟ್ರಮ್ಮೇ ಗೆಲ್ತದ. ಎಕ್ಸ್‌ಟಿಯೊಳಗ ಕಲರ್ ಕಾರ್ಡಿನ ಆಟ ಆಡ್ಬೇಕಂದ್ರ ಸಿಮ್‌ಸಿಜಿಎ ಅಂತ ಒಂದ್ ಸಣ್ಣ ಪ್ರೋಗ್ರಾಂ ಮದ್ಲ ಹಾಕ್ಬೇಕು, ಹಾಕಿದ್ರೂ ಕೆಲವು ಆಟ ಓಡ್ತಿದ್ದಿಲ್ಲ.

ಬ್ಯಾಸಿಗಿ: ಎಕ್ಸ್‌ಟಿ ಫ್ಯಾನ್ ಗಿರಣಿಯಂಗ ಒದರ್ತಿತ್ತು ಆದ್ರ ನಡೀತಿತ್ತು. ಸ್ಪೆಕ್ಟ್ರಮ್ಮಿಗೆ ಫ್ಯಾನೇ ಇಲ್ಲ, ಮೇ ತಿಂಗಳು ಮಧ್ಯಾಹ್ನ ಮುಟ್ಟಲಿಕ್ಕ ಆಗ್ತಿದ್ದಿಲ್ಲ.

ಮೂರನೇದು ಇಂಟೆಲ್ ಸೆಲೆರಾನ್ ಪ್ರೊಸೆಸರಿನ ಪಿಸಿ, ಅದರ ಬಗ್ಗೆ ಭಾಳ ಹೇಳೂದಿಲ್ಲ. ವಿಂಡೋಸ್ 98, ಸಿಡಿ ಡ್ರೈವ್, ಎಲ್ಲಾ ಇತ್ತು. 1998ರಾಗ ಬಂದ ಬರಹ ಸಾಫ್ಟ್‌ವೇರ್ ಹಾಕಿ ಮದ್ಲನೇ ಸಲ ಕನ್ನಡದಾಗ ಟೈಪ್ ಮಾಡಿದ್ದು ಅದ್ರಾಗೇ, ಆ ಒಂದಕ್ಕ ಪೂರಾ ಮಾರ್ಕ್ಸು. ಉಳಿದಂಗ ತಂಗಿ ಹಾಡು ಕೇಳಲಿಕ್ಕ, ಅಣ್ಣ ಕ್ರಿಕೆಟ್ ಆಡಲಿಕ್ಕ, ನನ್ನ ಪಾಳಿ ರಾತ್ರಿ ಹನ್ನೊಂದಕ್ಕ ಬರ್ತಿತ್ತು.

ತಮ್ಮಾ, ನಿನ್ನ ಬಜೆಟ್ ನನಗ ಗೊತ್ತದ. ಸ್ಪೆಕ್ಟ್ರಮ್ ಆಟ ಬೇಕಂದ್ರ ಈಗಿನ ಕಂಪ್ಯೂಟರಿನ್ಯಾಗೇ ಸ್ಪೆಕ್ಟ್ರಮ್ ನಡೆಸೂ ಫ್ಯೂಸ್ ಅನ್ನೂ ಎಮ್ಯುಲೇಟರ್ ಪುಕ್ಕಟ ಸಿಗ್ತದ, ಹಾಕ್ಕೊ. ಹಳೇ ಸ್ಪೆಕ್ಟ್ರಮ್ಮೇ ತಗೊಂಡ್ರ ಕೀಬೋರ್ಡ್ ಕೆಳಗಿನ ಮೆಂಬ್ರೇನ್ ಅನ್ನೂ ತೆಳು ಹಾಳಿ ಒಣಗಿ ಒಡೆದಿರ್ತದ, ಅದಕ್ಕ ಮತ್ತ ರೊಕ್ಕ ಹಾಕ್ಬೇಕು. ಎಕ್ಸ್‌ಟಿ ತಗೊಳ್ಳೂದಿದ್ರ ಕೀಬೋರ್ಡ್ ಕೂಡೇ ಕೊಡ್ತಾರೇನು ಕೇಳು, ಯಾಕಂದ್ರ ಎಕ್ಸ್‌ಟಿ ಆದ್ಮ್ಯಾಲ ಬಂದ ಎಟಿ ಪಿಸಿಯ ಕೀಬೋರ್ಡಿನ ಪ್ಲಗ್ ಅದ್ರಾಗ ಬರಾಬರ್ ಕೂಡ್ತದ, ಆದ್ರ ಒಂದ್ ಅಕ್ಷರಾನೂ ಬರೂದಿಲ್ಲ, ಎರಡ್ರ ಸಿಗ್ನಲ್ಲೇ ಬ್ಯಾರೆ. ಮಾನಿಟರ್ ಇಲ್ಲದ್ದು ಮಾರ್ತೀನಿ ಅಂದ್ರ ಫೋನ್ ಇಟ್ಟುಬಿಡು.