ಬಾಡಿಗೆ ಮನೆಯ ಬೇಸ್: ಮೂಲೆಯ ದೊಡ್ಡ ಸಬ್, ಸೋಫಾ ಹಿಂದಿನ ಚಿಕ್ಕ ಸಬ್, ಅಡಿಯ ಶೇಕರ್

ನಮ್ಮದು ಮೊದಲ ಮಹಡಿ, ಕೆಳಗೆ ಓನರ್. ಹಾಲ್ 12ಕ್ಕೆ 14 ಅಡಿ. ಗೋಡೆಗೆ ಮೊಳೆ ಹೊಡೆಯೋಕೂ ಕೇಳಬೇಕು. ಇಂಥಲ್ಲಿ ಸಿನಿಮಾಗೆ 20–30 ಹರ್ಟ್ಜ್‌ನ, ಅಂದರೆ ಕಿವಿಗಿಂತ ಮೈಗೆ ತಟ್ಟುವ ತೀರಾ ಕೆಳಗಿನ ಬೇಸ್ ಬೇಕು ಅಂತ ಮೂರು ದಾರಿ ಹಿಡಿದು ನೋಡಿದೆ. ಒಂದೇ ಸೀನು, ಕೂತ ಜಾಗದಲ್ಲಿ ಹೆಚ್ಚುಕಮ್ಮಿ ಅಷ್ಟೇ ಬೇಸ್. ಕೆಳಗಿನಿಂದ ಫೋನಲ್ಲಿ ವರದಿ ಕೊಟ್ಟಿದ್ದು ಓನರ್ ಮಗ.

ಮೊದಲಿಗೆ 12 ಇಂಚಿನ, ಡಬ್ಬದಲ್ಲಿ ಗಾಳಿ ಹೋಗುವ ತೂತಿರುವ ಪೋರ್ಟೆಡ್ ಸಬ್‌ವೂಫರ್ (ಸಬ್, ಅಂದರೆ ಬೇಸಿಗೆಂದೇ ಇರುವ ಸ್ಪೀಕರ್), ಟಿವಿ ಪಕ್ಕದ ಮೂಲೆಯಲ್ಲಿ. ಎರಡು ಗೋಡೆ, ನೆಲ ಸೇರುವ ಜಾಗವಾದ್ದರಿಂದ ಬೇಸ್ ತಾನಾಗಿ ಉಬ್ಬುತ್ತೆ. ಸ್ಫೋಟ ಎದೆಗೇ ಬಡಿಯುತ್ತೆ, ಸುಳ್ಳು ಹೇಳಲ್ಲ. ಆದರೆ 14 ಅಡಿ ಉದ್ದದ ಹಾಲಿನಲ್ಲಿ 40 ಹರ್ಟ್ಜ್ ಆಸುಪಾಸಿನ ಸದ್ದು ಅನುರಣಿಸುತ್ತೆ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಅಲ್ಲೇ ಗುಂಯ್. ಕೆಳಗಿನಿಂದ ವರದಿ: "ಅಣ್ಣಾ, ಡೈಲಾಗ್ ಒಂದೂ ಕೇಳಲ್ಲ. ಅಜ್ಜಿ ರೂಮಲ್ಲಿ ಬೀರು ಬಾಗಿಲು ಮಾತ್ರ ಗಡಗಡ ಅಂತಿದೆ."

ಸಬ್ ಅಡಿಗೆ ಫೋಮ್ ಪ್ಯಾಡ್ ಇಡಿ ಅನ್ನೋರಿದ್ದಾರೆ. ಡಬ್ಬದಿಂದ ನೆಲಕ್ಕೆ ನೇರ ಇಳಿಯುವ ಅದುರನ್ನಷ್ಟೇ ಅದು ತಗ್ಗಿಸುತ್ತೆ. ಗಾಳಿಯಲ್ಲಿ ಹೋಗಿ ಸ್ಲ್ಯಾಬನ್ನೇ ಅಲುಗಿಸುವ ಬೇಸಿಗೆ ಅದು ಲೆಕ್ಕಕ್ಕಿಲ್ಲ. 20 ಹರ್ಟ್ಜ್ ಅಲೆಯ ಉದ್ದ ಸುಮಾರು 17 ಮೀಟರ್. ಅದರ ಮುಂದೆ ಎರಡಿಂಚು ಫೋಮ್ ಏನು ಮಾಡೀತು? ಮೊಟ್ಟೆ ಟ್ರೇ ಅಂಟಿಸುವವರ ಬಗ್ಗೆ ಮಾತೇ ಬೇಡ.

ಎರಡನೆಯದು 10 ಇಂಚಿನ ಸೀಲ್ಡ್ (ತೂತಿಲ್ಲದ ಡಬ್ಬದ) ಸಬ್, ಸೋಫಾವನ್ನು ಮುಂದೆ ಎಳೆದು ಬೆನ್ನಿಗೇ. ಬಯಲಲ್ಲಾದರೆ ದೂರ ಅರ್ಧವಾದಂತೆಲ್ಲ ಸದ್ದು 6 ಡೆಸಿಬೆಲ್ ಏರುತ್ತೆ. ಕೋಣೆಯಲ್ಲಿ ಅಷ್ಟು ಸಿಗದಿದ್ದರೂ ನಾಬ್ ಗಣನೀಯವಾಗಿ ಇಳಿಸಬಹುದು. ಪೋರ್ಟೆಡ್ ತನ್ನ ಟ್ಯೂನಿಂಗ್ (ತೂತಿಗೆ ಹೊಂದಿಸಿದ ಹರ್ಟ್ಜ್) ಕೆಳಗೆ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ, 24 ಡೆಸಿಬೆಲ್‌ನಂತೆ ಬೀಳುತ್ತೆ, ಸೀಲ್ಡ್ 12ರಂತೆ ನಿಧಾನವಾಗಿ ಇಳಿಯುತ್ತೆ. ಕ್ರಾಸ್‌ಓವರನ್ನು (ಯಾವ ಹರ್ಟ್ಜ್‌ನಿಂದ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ) ಮಾಮೂಲಿ 80 ಹರ್ಟ್ಜ್‌ನಿಂದ 60ಕ್ಕೆ ತನ್ನಿ. ಇಲ್ಲದಿದ್ದರೆ ಗಡಸು ದನಿಗಳು ಬೆನ್ನ ಹಿಂದಿನಿಂದ ಬರುತ್ತವೆ. ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ಸಬ್ ದೂರವನ್ನೂ ಹೊಸದಾಗಿ ಕೊಡಬೇಕು. ಓನರ್ ಮಗ ಕೇಳಿದ: "ಈಗ ಹಾಕಿದ್ದೀರಾ?" ಕೊರತೆ ಅಂದರೆ, ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಸಪ್ಪೆ.

ಮೂರನೆಯದು ಬೇಸ್ ಶೇಕರ್. ಸೋಫಾದ ಮರದ ಫ್ರೇಮಿನ ಅಡಿಗೆ ಸ್ಕ್ರೂ ಹಾಕಿ ಕೂರಿಸಿ, ಚಿಕ್ಕ ಆಂಪ್ಲಿಫೈಯರ್ ಮೂಲಕ ರಿಸೀವರ್‌ನ ಸಬ್‌ ಔಟಿಗೆ ಕೊಡೋದು. ಇದು ಗಾಳಿಗಿಂತ ಸೀಟನ್ನೇ ಅದುರಿಸುತ್ತೆ. ಕಾಲುಗಳ ಅಡಿಗೆ ದಪ್ಪ ರಬ್ಬರ್ ಇಡದಿದ್ದರೆ ಆ ಅದುರು ಕೆಳಮನೆಗೂ ಹೋಗುತ್ತೆ. ಇದೊಂದನ್ನೇ ನಂಬಿದರೆ ಸ್ಫೋಟದ ಸದ್ದೇ ಇರಲ್ಲ, ಬರೀ ನಡುಕ. ಜೋರಿಟ್ಟಾಗ ನನ್ನಾಕೆ ಅಂದಿದ್ದು, "ಇದೇನ್ರೀ, ಬಸ್ಸಿನ ಕೊನೇ ಸೀಟಲ್ಲಿ ಕೂತ ಹಾಗಿದೆ!" ಹಾಡಿಗಂತೂ ಆಫ್ ಮಾಡಲೇಬೇಕು.

ನನ್ನ ಓಟು ಸೋಫಾ ಹಿಂದಿನ ಸೀಲ್ಡ್‌ಗೆ. ಅದರ ಜೊತೆಗೆ ಶೇಕರ್, ಇದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, 50 ಹರ್ಟ್ಜ್‌ನಿಂದ ಕೆಳಗೆ ಮಾತ್ರ. ಕಡಿಮೆ ವಾಲ್ಯೂಮಲ್ಲಿ ಕಿವಿಗೆ ಬೇಸ್ ಮೊದಲು ಮಂಕಾಗುತ್ತೆ; ಆ ಕೊರತೆಯನ್ನು ಈ ಜೋಡಿ ಚೆನ್ನಾಗಿ ತುಂಬುತ್ತೆ.

ಫೋನಿನ ಡೆಸಿಬೆಲ್ ಆಪ್ ನಂಬಬೇಡಿ. ರಾತ್ರಿ 10ರ ನಂತರ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ಅದೂ ಎ-ವೇಟಿಂಗ್‌ನಲ್ಲಿ (ಕಿವಿಗೆ ಕಮ್ಮಿ ಕೇಳುವ ಸದ್ದನ್ನು ಕಮ್ಮಿ ಎಣಿಸುವ ಅಳತೆ). ಆ ಲೆಕ್ಕದಲ್ಲಿ 31.5 ಹರ್ಟ್ಜ್ ಸದ್ದಿಗೆ ಸುಮಾರು 39 ಡೆಸಿಬೆಲ್ ಮಾಫಿ! ಆಪ್ ನಿಮ್ಮನ್ನು ಸಾಚಾ ಅನ್ನುತ್ತೆ, ಅಜ್ಜಿಯ ಬೀರು ಅನ್ನಲ್ಲ.

ಗ್ರೌಂಡ್ ಫ್ಲೋರಿನವರು, ತಲೆ ಮೇಲೆ ಯಾರೂ ಇಲ್ಲದಿದ್ದರೆ, 12 ಇಂಚಿನದನ್ನೇ ತನ್ನಿ. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯ ಮೂಲೆ ಮಾತ್ರ ಬೇಡ.